ಕೆಡವುವವರ ಕೂಲಿ

ನೆಲಮಾಳಿಗೆಯ ಲ್ಯಾಬಿಗೆ ಇರುವುದು ಒಂದೇ ಕಿಟಕಿ,
ಅದೂ ಜನರೇಟರಿನ ಕಡೆಗೆ.
ಹಾಸನದ ಮಂಜು ಯಾವಾಗ ಹರಿಯಿತೆಂದು
ನನಗೆ ಗೊತ್ತಾಗುವುದು
ಜವರಪ್ಪ ಸ್ವೆಟರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡಾಗ.

ಬಟ್ಟಲಲ್ಲಿ ಹುಟ್ಟದ ಇಲಿಮರಿಯ ನೆತ್ತಿಯ ಮೂಳೆ.
ಉಗುರಿಗಿಂತ ಚಿಕ್ಕದು, ಈರುಳ್ಳಿ ಪೊರೆಗಿಂತ ತೆಳು.
ಮೂವತ್ತೇಳು ಡಿಗ್ರಿಯ ಬೆಚ್ಚನೆಯಲ್ಲಿ
ಇನ್ನೂ ತಾಯ ಹೊಟ್ಟೆಯಲ್ಲೇ ಇದ್ದೇನೆಂದುಕೊಂಡಿದೆ.
ಅಲ್ಲಿಂದ ತೆಗೆದವಳು ನಾನೇ.
ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬರು ಇದೆ, ಅಷ್ಟೆ.

ಇವತ್ತು ಹಾಕಬೇಕಾದದ್ದು ವಿಟಮಿನ್ ಡಿ.
ಮೂವರು ಅಕ್ಕತಂಗಿಯರು.
ಹಿರಿಯಳು ತೊಗಲಿನಲ್ಲಿ ಬಿಸಿಲಿಗೆ ಹುಟ್ಟಿದವಳು,
ಹುಟ್ಟಿದೂರು ಬಿಟ್ಟು ಕದಲದವಳು:
ಎಷ್ಟು ಸುರಿದರೂ ಮೂಳೆ ತಿರುಗಿ ನೋಡುವುದಿಲ್ಲ.
ನಡುವಿನವಳು ಯಕೃತ್ತಿನ ಹೊಸ್ತಿಲು ತುಳಿದು ಬಂದವಳು;
ಧಾರಾಳವಾಗಿ ಹಾಕಿದರೆ ಒಂದಿಷ್ಟು ಕಿವಿಗೊಡುತ್ತದೆ.
ಕಿರಿಯಳು ಮೂತ್ರಪಿಂಡವನ್ನೂ ದಾಟಿ ಬಂದವಳು.
ಅವಳದ್ದು ಪಿಸುಮಾತು ಸಾಕು,
ಯಗಚಿ ಅಣೆಕಟ್ಟೆಗೆ ಒಂದು ಚಿಟಿಕೆ ಉಪ್ಪು ಹಾಕಿದಷ್ಟು,
ಅಗುಳಿ ತಾನಾಗಿ ಜಾರುತ್ತದೆ.

ಜಾರಿ?

ಕಟ್ಟುತ್ತಾಳೆ ಎಂದುಕೊಂಡಿದ್ದೆ.
ಅಂಗನವಾಡಿ ಗೋಡೆಯ ಮೇಲೆ ಓದಿದ್ದು ಅದನ್ನೇ:
ಡಿ ಅಂದರೆ ಗಟ್ಟಿ ಮೂಳೆ.
ಮೂರನೇ ದಿನ ನೋಡಿದರೆ ದ್ರವದಲ್ಲಿ ಸುಣ್ಣ.
ಹೊರಗಿನದ್ದಲ್ಲ, ಮೂಳೆಯದ್ದೇ.

ಕನ್ನಡಿಯಡಿ ಕಾಣುತ್ತವೆ ಆ ದೈತ್ಯ ಕೋಶಗಳು,
ಒಂದೊಂದರ ಒಡಲಲ್ಲೂ ಸೀತಾಫಲದ ಹಾಗೆ ಹತ್ತಾರು ಬೀಜ.
ಕಾವಿಗೆ ಕೂತ ಕೋಳಿಯಂತೆ ಅಂಚು ಬಿಗಿದು ಕೂತು
ಅಡಿಗೆ ಹುಳಿ ಬಿಟ್ಟು,
ಸುಣ್ಣ ಕರಗಿದ ಮೇಲೆ ಉಳಿದ ನಾರಿಗೆ
ಕಿಣ್ವದ ಚೀಲ ಬಿಚ್ಚುತ್ತವೆ.

ಬಿಚ್ಚಿದ್ದಕ್ಕೆ ಸಾಕ್ಷಿ ಬೇಕು, ಮೇಡಂ ಸುಮ್ಮನೆ ನಂಬುವವರಲ್ಲ.
ಕೊಳವೆಗೆ ಎರಡು ಹನಿ ಕ್ಷಾರ ಬಿಡುತ್ತೇನೆ.
ಹಿರಿಯಳ ಕೊಳವೆ ಬಿಳಿಚಿಕೊಂಡೇ ಇದೆ.
ಕಿರಿಯಳದ್ದು
ಅರಿಸಿನದ ನೀರಿಗೆ ಸುಣ್ಣ ಬಿದ್ದ ಹಾಗೆ
ಒಮ್ಮೆಲೇ ಓಕುಳಿ.

ಮೆಟ್ಟಿಲ ಮೇಲೆ ಟೀ ಕುಡಿಯುತ್ತಾ ಜವರಪ್ಪನಿಗೆ ಹೇಳಿದೆ.
ಅವನು ಈ ಕೆಲಸಕ್ಕೆ ಮೊದಲು ಹಳೇ ಮನೆ ಬಿಚ್ಚುವ ಗ್ಯಾಂಗಿನಲ್ಲಿದ್ದವನು.
‘ಕೆಡವೋದು ಅಂದ್ರೆ ಹಾಳು ಮಾಡೋದಲ್ಲ ಕಣಮ್ಮಣ್ಣಿ.
ಇಟ್ಟಿಗೆ ಮುಕ್ಕಾಗದ ಹಾಗೆ ಬಿಚ್ಚಬೇಕು.
ಅದು ಇನ್ನೊಬ್ಬರ ಗೋಡೆಗೆ ಹೋಗಬೇಕಲ್ಲ.
ಕಟ್ಟೋನಿಗಿಂತ ನಮಗೆ ಕೂಲಿ ಐವತ್ತು ರೂಪಾಯಿ ಜಾಸ್ತಿ ಇತ್ತು.’

ಅಷ್ಟು ಹೇಳಿ ಲೋಟ ತೊಳೆಯಲು ಹೋದ.
ನಾನು ಮಣಿಕಟ್ಟಿಗೆ ಬೆರಳಿಟ್ಟು ಎಣಿಸಿದೆ.
ಒಂದೊಂದು ಬಡಿತಕ್ಕೂ ಎದೆ ಕೇಳುವುದು ಅದೇ ಸುಣ್ಣವನ್ನು,
ಊಟದಲ್ಲಿ ಬಂದರೆ ಊಟದ್ದು,
ಬರದಿದ್ದರೆ ಮೂಳೆಯದ್ದು.
ರಾತ್ರಿ ಯಾರೂ ಕೇಳದ ಹೊತ್ತಲ್ಲಿ
ನನ್ನ ತೊಡೆಯೊಳಗೂ ಒಂದು ಗ್ಯಾಂಗು
ಇಟ್ಟಿಗೆ ಕೈಯಿಂದ ಕೈಗೆ ದಾಟಿಸುತ್ತಿರಬೇಕು.

ಕೊನೆಯ ಸಾಲಿನ ಬಟ್ಟಲುಗಳನ್ನು ಮರೆತಿದ್ದೆ.
ಅವು ಹೋಲಿಕೆಗೆ ಇಟ್ಟವು, ಮೊದಲೇ ಕುದಿಸಿ ಕೊಂದ ಮೂಳೆ.
ಅವುಗಳಿಗೂ ಕಿರಿಯಳನ್ನೇ ಹಾಕಿದ್ದೆ, ಅಷ್ಟೇ ಅಳತೆ.
ಕ್ಷಾರ ಬಿಟ್ಟೆ. ಕಾದೆ. ಬೆಳಕಿಗೆ ಹಿಡಿದೆ.
ಬರೀ ನೀರು.
ಕರಗುವುದಕ್ಕೂ ಜೀವವಿರಬೇಕು ಎಂದು ಬರೆಯಲಿಲ್ಲ,
ಆ ಕಾಲಮ್ಮಿನಲ್ಲಿ ಜಾಗವಿಲ್ಲ. ಸೊನ್ನೆ ಬರೆದೆ.

ಸಂಜೆ ಮೇಡಂ ಕೊಳವೆಗಳನ್ನು ನೋಡಿ ತಲೆಯಾಡಿಸಿ,
ಆಮೇಲೆ ನನ್ನ ಮುಖ ನೋಡಿ,
‘ಜಸಿಂತಾ, ನಿನ್ನ ರಕ್ತವನ್ನೂ ಒಂದು ಸಲ ಕೊಡು’ ಅಂದರು.
ಬಂದದ್ದು ಒಂಬತ್ತು. ಇಪ್ಪತ್ತಾದರೂ ಇರಬೇಕಂತೆ.
ಹನ್ನೆರಡು ವರ್ಷದಿಂದ ಡಿಯನ್ನು ಅಳೆದು ಹನಿಸುತ್ತಿರುವವಳು!
ನಕ್ಕರು, ನಾನೂ ನಕ್ಕೆ.
ಸೊಂಟದ ಆ ಹಳೇ ನೋವು ಮಾತ್ರ ನಗಲಿಲ್ಲ.

ವಾರಕ್ಕೊಂದು ಪುಡಿ ಪೊಟ್ಟಣ, ಹಾಲಿನಲ್ಲಿ.
ಹನ್ನೊಂದು ಗಂಟೆಗೆ ಕೋಟು ತೆಗೆದು ಮೆಟ್ಟಿಲ ಮೇಲೆ ಕೂರುತ್ತೇನೆ,
ತೋಳು ಮೊಣಕೈವರೆಗೆ ಮಡಚಿ.
ಜವರಪ್ಪ ಸರಿದು ಜಾಗ ಕೊಡುತ್ತಾನೆ.
ರಸ್ತೆಯಾಚೆ ಆಲೂಗಡ್ಡೆ ಮೂಟೆಯ ಲಾರಿ ಹಿಂದಕ್ಕೆ ಬರುತ್ತಿದೆ,
ಕ್ಲೀನರ್ ಹುಡುಗ ಬಾಗಿಲು ಬಡಿದು ಕೂಗುತ್ತಾನೆ:
ಬರ್ಲಿ, ಬರ್ಲಿ, ಇನ್ನೂ ಸ್ವಲ್ಪ ಬರ್ಲಿ.